ನಡು ವಯಸ್ಸಿನ ವಿದ್ಯಾರ್ಥಿಗೆ ನಾಲ್ಕು ಮಾತು

(ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವುದು ನನಗೆ ರೂಢಿಯಿಲ್ಲದ ಕೆಲಸ. ಆದರೂ ನಮ್ಮ ಕಾರ್ಯದರ್ಶಿಗಳು ಬಿಡಲಿಲ್ಲ. “ನೀವು ಮೂವತ್ತೆಂಟನೆಯ ವಯಸ್ಸಿನಲ್ಲಿ ಗುಮಾಸ್ತಗಿರಿ ಬಿಟ್ಟು ಜಾಲತಾಣ ಕಟ್ಟುವ ಕಸುಬಿಗೆ ಬಂದವರು. ಆ ದಾರಿ ಹಿಡಿಯಬೇಕೆಂದಿರುವವರು ನಮ್ಮಲ್ಲಿ ಹಲವರಿದ್ದಾರೆ. ಯಾವ ತರಬೇತಿ ಒಳ್ಳೆಯದು, ಯಾವ ಪರೀಕ್ಷೆ ಪಾಸು ಮಾಡಬೇಕು ಎಂಬುದನ್ನು ಅವರಿಗೆ ತಿಳಿಸಿ” ಎಂದರು. ತಿಳಿದಷ್ಟನ್ನು ಹೇಳುತ್ತೇನೆ. ನಾನು ಮಾಡಿದ ತಪ್ಪುಗಳನ್ನೂ ಹೇಳುತ್ತೇನೆ. ಅವುಗಳಿಗೆ ನಾನು ತೆತ್ತ ಹಣ ನಿಮಗಾದರೂ ಉಳಿದರೆ ನನಗೆ ಸಮಾಧಾನ.

ದುಡಿಯುತ್ತ ಓದುವುದು ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ಊರಿನಿಂದ ಬರಿಗೈಯಲ್ಲಿ ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಗಳ ಬೆಂಚಿನ ಮೇಲೆ ಕುಳಿತು ಮೆಟ್ರಿಕ್ ಮುಗಿಸಿದರು. ಬೆರಳಚ್ಚು, ಶೀಘ್ರಲಿಪಿ ಕಲಿತು ಕಚೇರಿಗಳನ್ನು ಸೇರಿದರು. ನನ್ನ ತಂದೆಯವರೂ ಹಾಗೆ ಓದಿದವರೇ. ಆ ಕಾಲದಲ್ಲಿ ಯಾವ ಪರೀಕ್ಷೆ ಪಾಸಾದರೆ ಯಾವ ಬಾಗಿಲು ತೆರೆಯುತ್ತದೆ ಎಂಬುದು ಬಹುಮಟ್ಟಿಗೆ ಗೊತ್ತಿತ್ತು. ಈ ಹೊಸ ಕಸುಬಿನಲ್ಲಿ ಅಂಥ ಗೊತ್ತುಪಾಡು ಇಲ್ಲ. ವಕೀಲನಿಗೆ ಸನದು ಬೇಕು, ವೈದ್ಯನಿಗೆ ನೋಂದಣಿ ಬೇಕು. ಜಾಲತಾಣ ಕಟ್ಟುವವನನ್ನು ಕಾನೂನು ಯಾವ ಪತ್ರವನ್ನೂ ಕೇಳುವುದಿಲ್ಲ.

ಇದಕ್ಕೆ ಕಾರಣ ಆ ವಿದ್ಯೆಯ ಹುಟ್ಟಿನಲ್ಲಿಯೇ ಇದೆ. ಟಿಮ್ ಬರ್ನರ್ಸ್-ಲೀ ಅವರು ಜಿನೀವಾದ ಸರ್ನ್ ಸಂಶೋಧನಾಲಯದಲ್ಲಿ 1989ರಲ್ಲಿ ಇದರ ಯೋಜನೆಯನ್ನು ಮುಂದಿಟ್ಟರು. 1993ರಲ್ಲಿ ಆ ಸಂಸ್ಥೆಯು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಲೆಂದು ಅದನ್ನು ಲೋಕಕ್ಕೆ ಬಿಟ್ಟುಕೊಟ್ಟಿತು. ಹೀಗಾಗಿ ಕಲಿಯುವವನಿಗೆ ಬಾಗಿಲು ಸದಾ ತೆರೆದಿದೆ. ಅದೇ ಬಾಗಿಲಿನಲ್ಲಿ ಅಂಗಡಿ ಹಾಕಿಕೊಂಡು ಕುಳಿತವರೂ ಇದ್ದಾರೆ. ನಾನು ಎಡವಿದ್ದು ಅಲ್ಲಿಯೇ.

ನಾನೊಂದು ಮುದ್ರಣಾಲಯದಲ್ಲಿ ಲೆಕ್ಕಪತ್ರ ಬರೆಯುತ್ತಿದ್ದೆ. 2020ರ ಲಾಕ್‌ಡೌನಿನ ಪೆಟ್ಟಿನಿಂದ ಅದು ಚೇತರಿಸಿಕೊಳ್ಳಲಿಲ್ಲ, ಮರುವರ್ಷ ಮುಚ್ಚಿತು. ಮನೆಯಲ್ಲಿ ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಆಗ “ಆರು ತಿಂಗಳಲ್ಲಿ ಉದ್ಯೋಗ ಗ್ಯಾರಂಟಿ” ಎಂಬ ಜಾಹೀರಾತು ಕಣ್ಣಿಗೆ ಬಿತ್ತು. ಶುಲ್ಕ ಒಂದೂವರೆ ಲಕ್ಷ. ಅರ್ಧಕ್ಕೆ ಹೆಂಡತಿಯ ಬಳೆಗಳನ್ನು ಅಡವಿಟ್ಟೆ. ಉಳಿದರ್ಧಕ್ಕೆ ಕಂತಿನ ಸಾಲದ ಕಾಗದಕ್ಕೆ ಓದದೆ ರುಜು ಹಾಕಿದೆ.

ತರಗತಿಯಲ್ಲಿ ಉಪಾಧ್ಯಾಯರು ಮೂರು ಸಲ ಬದಲಾದರು. ಅಕ್ಷರಾಭ್ಯಾಸವೇ ಆಗದವನಿಗೆ ಕಾವ್ಯ ಹೇಳಿಕೊಡುವಂತೆ ಎರಡನೆಯ ವಾರದಲ್ಲಿಯೇ ರಿಯಾಕ್ಟ್ ಪಾಠ. ನಾಲ್ಕು ತಿಂಗಳಿಗೆ ತರಗತಿ ನಿಂತಿತು, ಕಂತು ನಿಲ್ಲಲಿಲ್ಲ. ಸಾಲ ಕೊಟ್ಟದ್ದು ಬೇರೊಂದು ಹಣಕಾಸು ಕಂಪನಿ. ಪಾಠ ನಡೆಯಲಿ ಬಿಡಲಿ, ಅವರ ಲೆಕ್ಕ ಅವರಿಗೆ. ಅಂದವಾದ ಸರ್ಟಿಫಿಕೇಟು ಮಾತ್ರ ಬಂತು. ಹನ್ನೊಂದು ಸಂದರ್ಶನಗಳಿಗೆ ಹೋದೆ. ಅದನ್ನು ತೋರಿಸಿ ಎಂದವರು ಒಬ್ಬರೂ ಇಲ್ಲ. ಕಡೆಯ ಸಂದರ್ಶನದಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವಳಾದ ಒಬ್ಬ ಹೆಣ್ಣುಮಗಳು ಮೃದುವಾಗಿ ಕೇಳಿದಳು: “ಸರ್, ನೀವೇ ಸ್ವಂತವಾಗಿ ಕಟ್ಟಿದ್ದು ಏನಾದರೂ ಇದೆಯೇ?” ಇರಲಿಲ್ಲ. ಇದ್ದದ್ದೆಲ್ಲ ಉಪಾಧ್ಯಾಯರು ಮಾಡಿದ್ದರ ನಕಲು. ಮನೆಗೆ ಬಂದು ಹೆಂಡತಿಗೆ ನಿಜ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಳೆಯ ಮಾತು ಆಮೇಲೆ. ಈಗ ಮೊದಲಿನಿಂದ ಕಲಿಯಿರಿ” ಎಂದಳು.

ಮೊದಲಿನಿಂದಲೇ ಕಲಿತೆ, ಬಿಟ್ಟಿಯಾಗಿ ಕಲಿತೆ. ಮೊಜಿಲ್ಲಾದವರ ಎಂ.ಡಿ.ಎನ್. ಎಂಬ ಪಾಠಭಂಡಾರವಿದೆ, 2014ರಲ್ಲಿ ಆರಂಭವಾದ ಫ್ರೀ ಕೋಡ್ ಕ್ಯಾಂಪ್ ಇದೆ. ಎರಡಕ್ಕೂ ಶುಲ್ಕವಿಲ್ಲ. ಪುಟದ ಎಲುಬಾದ ಎಚ್.ಟಿ.ಎಂ.ಎಲ್. ಮೊದಲು, ಅದರ ಉಡುಗೆಯಾದ ಸಿ.ಎಸ್.ಎಸ್. ತರುವಾಯ, ಅದಕ್ಕೆ ಚಲನೆ ಕೊಡುವ ಜಾವಾಸ್ಕ್ರಿಪ್ಟ್ ಆಮೇಲೆ. ಬರೆದದ್ದರ ಚರಿತ್ರೆಯನ್ನು ಕಾಪಾಡುವ ಗಿಟ್ ಇವುಗಳ ಜೊತೆಗೆ. ಇವು ಕೈಗೆ ಹತ್ತಿದ ಮೇಲೆ ಒಂದು ಸರ್ವರ್ ಭಾಷೆ, ಒಂದು ದತ್ತಸಂಚಯ. ಅನುಕ್ರಮ ಇಷ್ಟೆ.

ಅಭ್ಯಾಸಕ್ಕೆಂದು ನಮ್ಮ ಸಂಘದ ಪುಸ್ತಕ ಭಂಡಾರದ ಪಟ್ಟಿಯನ್ನು ಕನ್ನಡದಲ್ಲಿ ಜಾಲಪುಟವಾಗಿಸಲು ಹೊರಟೆ. ಇಂಗ್ಲಿಷಿಗೆ ಹೊಂದಿಸಿದ್ದ ಸಾಲುಗಳ ಎತ್ತರದಲ್ಲಿ ನಮ್ಮ ಒತ್ತಕ್ಷರಗಳ ಕಾಲು ಕತ್ತರಿಸಿ ಹೋಗುತ್ತಿತ್ತು. ಎತ್ತರ ಹೆಚ್ಚಿಸಿ ಸರಿಪಡಿಸಿದೆ. ಪುಟದ ಭಾಷೆ ಕನ್ನಡವೆಂದು ಸಂಕೇತದಲ್ಲಿ ನಮೂದಿಸಿದೆ. ಹಾಗೆ ಮಾಡಿದರೆ ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಸರಿಯಾದ ಉಚ್ಚಾರಣೆ ಆರಿಸಿಕೊಳ್ಳಲು ಅನುಕೂಲ. ಮುಂದಿನ ಸಂದರ್ಶನದಲ್ಲಿ ಈ ಕಥೆಯನ್ನೇ ಹೇಳಿದೆ. ಕೆಲಸ ಸಿಕ್ಕಿತು. 2022ರಲ್ಲಿ ಸಿಕ್ಕ ಆ ಸಂಬಳ ಮುದ್ರಣಾಲಯದ ಸಂಬಳಕ್ಕಿಂತ ಕಡಮೆ ಎಂಬುದನ್ನು ಮುಚ್ಚಿಡಲಾರೆ.

ಹಾಗಾದರೆ ಪದವಿ, ಪತ್ರಗಳೆಲ್ಲ ವ್ಯರ್ಥವೇ? ಹಾಗೆನ್ನಲಾಗದು. ಎಷ್ಟೋ ದೊಡ್ಡ ಕಂಪನಿಗಳು ಮೊದಲ ಜರಡಿಯಲ್ಲಿ ಪದವಿಯನ್ನು ನೋಡುತ್ತವೆ. ಯಾವ ಪದವಿಯೂ ಇಲ್ಲದವರು ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಬಿ.ಸಿ.ಎ.ಯನ್ನು ಕೆಲಸ ಬಿಡದೆ ಓದಬಹುದು. ಮದರಾಸಿನ ಐ.ಐ.ಟಿ.ಯ ಬಿ.ಎಸ್. ಪದವಿಗೆ ವಯೋಮಿತಿ ಇಲ್ಲ. ಪಾಠ ಮನೆಯಲ್ಲಿ, ಪರೀಕ್ಷೆ ಕೇಂದ್ರದಲ್ಲಿ. ಅದು ಮುಖ್ಯವಾಗಿ ದತ್ತಾಂಶ ವಿಜ್ಞಾನದ್ದಾದರೂ ಡಿಪ್ಲೊಮಾ ಹಂತದಲ್ಲಿ ಜಾಲದ ಅಪ್ಲಿಕೇಷನ್ ಕಟ್ಟುವ ಪಾಠಗಳಿವೆ. ಭಾರತ ಸರ್ಕಾರದ ನೈಲಿಟ್ ಸಂಸ್ಥೆಯ ‘ಓ’ ಲೆವೆಲ್ ಪರೀಕ್ಷೆಯಲ್ಲಿ ಜಾಲಪುಟ ರಚನೆಯದೇ ಒಂದು ಪತ್ರಿಕೆ ಇದೆ. ಎಂಜಿನಿಯರಿಂಗ್ ಅಥವಾ ಎಂ.ಸಿ.ಎ. ಮುಗಿಸಿದವರಿಗೆ, 1988ರಲ್ಲಿ ಪುಣೆಯಲ್ಲಿ ಹುಟ್ಟಿದ ಸಿ-ಡ್ಯಾಕ್ ಸಂಸ್ಥೆಯ ಸ್ನಾತಕೋತ್ತರ ಡಿಪ್ಲೊಮಾ ಇದೆ. ಅದಕ್ಕೆ ಪ್ರವೇಶ ಪರೀಕ್ಷೆಯುಂಟು. ಸುಮಾರು ಆರು ತಿಂಗಳು ಪೂರ್ಣಾವಧಿ ಕುಳಿತು ಓದಬೇಕಾದ್ದರಿಂದ, ದುಡಿಯುವವರು ಮನೆಯ ಲೆಕ್ಕ ನೋಡಿಕೊಂಡೇ ಹೊರಡಬೇಕು. ನನ್ನಂತೆ ಬಿ.ಕಾಂ. ಆದವರು ಮಾತ್ರ ಇನ್ನೊಂದು ಪದವಿಯ ಹಿಂದೆ ಓಡುವ ಮೊದಲು ಕೈಯಲ್ಲಿ ಕೆಲಸ ಕೂಡುತ್ತದೆಯೋ ನೋಡಿಕೊಳ್ಳುವುದು ಲೇಸು.

ಖಾಸಗಿ ತರಬೇತಿಗೆ ಹೋಗಲೇಬಾರದೆಂದು ನಾನು ಹೇಳುವುದಿಲ್ಲ. ಒಳ್ಳೆಯ ಗುರು ಸಿಕ್ಕರೆ ಒಂದು ವರ್ಷದ ದಾರಿ ಆರು ತಿಂಗಳಲ್ಲಿ ಸವೆದೀತು. ಆದರೆ ಹಣ ಕಟ್ಟುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ಕಳೆದ ವರ್ಷ ಕಲಿತ ನಾಲ್ವರೊಡನೆ ನಾನೇ ಮಾತನಾಡಬಹುದೇ? ಪಾಠ ಹೇಳುವವರು ಯಾರು, ಅವರು ಈ ಕಸುಬನ್ನು ಮಾಡಿದವರೇ? ನಡುವೆ ಬಿಟ್ಟರೆ ಅಥವಾ ತರಗತಿ ನಿಂತರೆ ಎಷ್ಟು ಹಣ ಮರಳುತ್ತದೆ, ಅದನ್ನು ಬರೆದು ಕೊಡುವಿರಾ? ಉದ್ಯೋಗ ಗ್ಯಾರಂಟಿ ಎಂದರೆ ಯಾವ ಸಂಬಳದ, ಯಾವ ಊರಿನ ಉದ್ಯೋಗ? ಉತ್ತರಕ್ಕೆ ತಡವರಿಸಿದರೆ, “ಇಂದೇ ಸೇರಿದರೆ ರಿಯಾಯಿತಿ” ಎಂದರೆ, ಎದ್ದು ಬನ್ನಿ. ಸಾಲ ಮಾಡುವುದಾದರೆ ಕಾಗದವನ್ನು ಮನೆಗೆ ತಂದು, ಮನೆಯವರೊಡನೆ ಕುಳಿತು ಓದಿ.

ಇನ್ನೊಂದು ಮಾತು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಯಂತ್ರವೇ ಕೋಡು ಬರೆಯುವಾಗ ನಾವೇಕೆ ಕಲಿಯಬೇಕೆಂದು ಕೇಳುವವರಿದ್ದಾರೆ. ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೆಲಸಗಳನ್ನು ಯಂತ್ರ ಮಾಡಬಲ್ಲದು. ಆದ್ದರಿಂದ ಮೊದಲ ಮೆಟ್ಟಿಲು ಇನ್ನಷ್ಟು ಎತ್ತರವಾಗಿದೆ. ಆದರೆ ಯಂತ್ರ ಧೈರ್ಯವಾಗಿ ತಪ್ಪನ್ನೂ ಬರೆಯುತ್ತದೆ. ಆ ತಪ್ಪನ್ನು ಕಂಡುಹಿಡಿಯಬೇಕಾದರೆ ಮೂಲ ತಿಳಿದಿರಬೇಕು. ಮೇಲಾಗಿ, ನಡು ವಯಸ್ಸಿನವರ ಬಳಿ ಹಳೆಯ ಕಸುಬಿನ ಅನುಭವವಿದೆ. ಲೆಕ್ಕಪತ್ರ ಬಲ್ಲ ನನಗೆ ಬಿಲ್ಲಿನ ಪುಟ ಕಟ್ಟುವಾಗ ಜಿ.ಎಸ್.ಟಿ.ಯನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಔಷಧದ ಅಂಗಡಿಯಲ್ಲಿದ್ದವರಿಗೆ, ಶಾಲೆಯಲ್ಲಿ ಪಾಠ ಹೇಳಿದವರಿಗೆ ಅವರವರದೇ ಅನುಭವದ ಗಂಟು ಇದೆ. ಅದನ್ನು ಎಸೆದು ಬರಬೇಡಿ.

ಆದಕಾರಣ ನನ್ನ ಸಲಹೆ ಇಷ್ಟು: ಇರುವ ಕೆಲಸವನ್ನು ಬಿಡಬೇಡಿ. ಮೂರು ತಿಂಗಳು ದಿನಕ್ಕೆ ಎರಡು ಗಂಟೆ ಬಿಟ್ಟಿಯಾಗಿ ಸಿಗುವ ಪಾಠ ಕಲಿಯಿರಿ. ಬೇಸರ ಬಂದರೆ ನಷ್ಟ ಸಮಯದ್ದು ಮಾತ್ರ. ಆಸಕ್ತಿ ಉಳಿದರೆ ನಿಮಗೆ ಗೊತ್ತಿರುವ ಯಾರಿಗಾದರೂ ಉಪಯೋಗವಾಗುವ ಒಂದು ಪುಟ ಕಟ್ಟಿ. ಹಣ ಯಾವುದಕ್ಕೆ ಸುರಿಯಬೇಕೆಂಬುದು ಆಗ ನಿಮಗೇ ತಿಳಿಯುತ್ತದೆ.

ಸಂಘದ ಕೋಣೆ ಭಾನುವಾರ ಬೆಳಗ್ಗೆ ಖಾಲಿ ಇರುತ್ತದೆ. ಅಧ್ಯಕ್ಷರು ಅನುಮತಿ ಕೊಟ್ಟರೆ ಹತ್ತು ಗಂಟೆಯಿಂದ ಹನ್ನೆರಡರವರೆಗೆ ನಾನು ಅಲ್ಲಿರುತ್ತೇನೆ. ಶುಲ್ಕವಿಲ್ಲ, ಸರ್ಟಿಫಿಕೇಟೂ ಇಲ್ಲ. ನಮ್ಮ ಹಿರಿಯರಿಗೆ ರಾತ್ರಿ ಶಾಲೆ ಇದ್ದಂತೆ ನಮಗೊಂದು ಬೆಳಗಿನ ಶಾಲೆ ಆದೀತು. ಅಡವಿಟ್ಟ ಬಳೆಗಳನ್ನು 2023ರ ದೀಪಾವಳಿಗೆ ಬಿಡಿಸಿ ತಂದೆ. ಅವುಗಳನ್ನು ತೊಟ್ಟವಳು ಈ ಸಭೆಯಲ್ಲಿಯೇ ಕುಳಿತಿದ್ದಾಳೆ.