ಫೋನ್ ಮತ್ತು ಪರರ ಖಾಸಗಿತನ: ಅನುಮತಿ ಕೇಳುವ ಅದಬ್

(ಜುಮಾ ಖುತ್ಬಾ ಸಾರಾಂಶ)

ಸತ್ಯವಿಶ್ವಾಸಿಗಳೇ, ಅಲ್ಲಾಹನನ್ನು ಭಯಪಡಿರಿ. ಈ ತಖ್ವಾ ಮಸೀದಿಯೊಳಗೆ ಮಾತ್ರವಲ್ಲ, ನಮ್ಮ ಕೈಯ ಫೋನಿನಲ್ಲೂ ಇರಬೇಕೆಂದು ಮೊದಲು ನನಗೆ, ನಂತರ ನಿಮಗೆ ಉಪದೇಶಿಸುತ್ತೇನೆ.

ಅನುಮತಿ ಪಡೆಯದೆ, ಸಲಾಮ್ ಹೇಳದೆ ಇತರರ ಮನೆ ಪ್ರವೇಶಿಸಬಾರದು, ಮರಳಿ ಹೋಗಿ ಎಂದರೆ ಮರಳಬೇಕು ಎಂದು ಸೂರಃ ಅನ್ನೂರ್‌ನ 27 ಮತ್ತು 28ನೇ ವಚನಗಳಲ್ಲಿ ಅಲ್ಲಾಹನು ಆಜ್ಞಾಪಿಸಿದ್ದಾನೆ. ಒಮ್ಮೆ ಒಬ್ಬಾತ ಪ್ರವಾದಿ(ಸ)ಯವರ ಕೋಣೆಯೊಳಗೆ ರಂಧ್ರದಿಂದ ಇಣುಕಿದನು. ಅನುಮತಿ ಕೇಳುವ ನಿಯಮ ಬಂದಿರುವುದೇ ಕಣ್ಣಿನ ಕಾರಣಕ್ಕೆ ಎಂದು ಪ್ರವಾದಿ(ಸ) ಅವನನ್ನು ಎಚ್ಚರಿಸಿದರು. ಬುಖಾರಿ ಮತ್ತು ಮುಸ್ಲಿಂನಲ್ಲಿ ಈ ಹದೀಸ್ ಇದೆ. ಕಾಲು ಹೊಸ್ತಿಲು ದಾಟದಿದ್ದರೂ ಕಣ್ಣು ದಾಟಿದರೆ ತಪ್ಪೇ. ಇಂದು ಆ ರಂಧ್ರ ನಮ್ಮ ಜೇಬಿನಲ್ಲಿದೆ.

ನಾಡಿನ ಕಾನೂನೂ ಈ ಹಕ್ಕನ್ನು ಒಪ್ಪಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಜನರ ಮಾಹಿತಿಯನ್ನು ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಯುರೋಪಿನಲ್ಲಿ 2018ರಿಂದಲೇ ಇಂಥ ಕಟ್ಟುನಿಟ್ಟಿನ ಕಾನೂನು ಜಾರಿಯಲ್ಲಿದೆ.

ಆದರೆ ಎರಡೂ ಕಾನೂನುಗಳಲ್ಲಿ ಒಂದು ವಿನಾಯಿತಿ ಇದೆ. ವ್ಯಕ್ತಿಯೊಬ್ಬನ ಸ್ವಂತ ಮತ್ತು ಮನೆಬಳಕೆಯ ವಿಷಯಕ್ಕೆ ಅವು ಅನ್ವಯಿಸುವುದಿಲ್ಲ. ಹಾಗಾದರೆ ಈ 'ಮನೆ' ಎಲ್ಲಿಗೆ ಮುಗಿಯುತ್ತದೆ? ಸ್ವೀಡನ್ನಿನಲ್ಲಿ, ಚರ್ಚ್ ಒಂದರಲ್ಲಿ ಧರ್ಮಬೋಧನೆ ಮಾಡುತ್ತಿದ್ದ ಮಹಿಳೆಯೊಬ್ಬರು ಸಹೋದ್ಯೋಗಿಗಳ ಬಗ್ಗೆ ಅವರನ್ನು ಕೇಳದೆ ಇಂಟರ್‌ನೆಟ್ಟಿನಲ್ಲಿ ಬರೆದರು. ಒಬ್ಬಾಕೆಯ ಕಾಲಿಗೆ ಪೆಟ್ಟಾಗಿದೆ ಎಂಬ ಸುದ್ದಿಯೂ ಅದರಲ್ಲಿತ್ತು. 2003ರಲ್ಲಿ ಯುರೋಪಿನ ನ್ಯಾಯಾಲಯವು, ಕಾಲಿನ ಪೆಟ್ಟು ಕೂಡ ಆರೋಗ್ಯದ ಮಾಹಿತಿಯೇ, ಎಲ್ಲರಿಗೂ ಕಾಣುವಂತೆ ಹಾಕಿದ್ದು ಮನೆಯೊಳಗಿನ ವಿಷಯವಲ್ಲ ಎಂದಿತು.

ನಾವೇನು ಮಾಡುತ್ತಿದ್ದೇವೆ? ದುಆಗಾಗಿ ಎಂದು ರೋಗಿಯ ಫೋಟೊ, ಆಸ್ಪತ್ರೆಯ ರಿಪೋರ್ಟ್ ಎಲ್ಲವನ್ನೂ ಗ್ರೂಪಿಗೆ ಹಾಕುತ್ತೇವೆ. ರೇಷನ್ ಕಿಟ್ ಪಡೆಯುವ ವಿಧವೆಯ ಮುಖವನ್ನು ಊರಿಗೆಲ್ಲ ತೋರಿಸುತ್ತೇವೆ. ಉದ್ದೇಶ ಒಳ್ಳೆಯದಿರಬಹುದು. ಆಕೆಯ ಅನುಮತಿ ಎಲ್ಲಿ?

ನನ್ನ ತಪ್ಪನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ದಂಪತಿಯ ಮನಸ್ತಾಪ ಬಗೆಹರಿಸಲು ಮಸೀದಿಯ ಕಚೇರಿಯಲ್ಲಿ ಕುಳಿತಿದ್ದೆವು. ಯಾರೋ ಗುಟ್ಟಾಗಿ ರೆಕಾರ್ಡ್ ಮಾಡಿದರು. ಅಸರ್ ಬಳಿಕ ಆ ಹೆಣ್ಣುಮಗಳು ಅಳುತ್ತಾ ಹೇಳಿದ ಮಾತು ಇಶಾಗೆ ಮೊದಲೇ ಮಹಲ್ಲಾದ ಫೋನುಗಳಲ್ಲಿತ್ತು. ರಾಜಿಯ ಹತ್ತಿರ ಬಂದಿದ್ದ ಸಂಸಾರ ಮುರಿಯಿತು. ಫೋನ್ ಹೊರಗಿಡಿ ಎನ್ನಬೇಕಾದವನು ನಾನು, ಹೇಳಲಿಲ್ಲ. ಆಕೆಯ ತಂದೆಯಲ್ಲಿ ಕ್ಷಮೆ ಕೇಳಿದೆ. ಅವರು, "ನಿಮ್ಮನ್ನು ಕ್ಷಮಿಸಿದ್ದೇನೆ ಉಸ್ತಾದ್. ಆದರೆ ಅದನ್ನು ಯಾರ ಯಾರ ಫೋನಿನಿಂದ ಅಳಿಸಲಿ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಒಬ್ಬನು ಮಾತು ಹೇಳಿ ಅತ್ತಿತ್ತ ನೋಡಿದರೆ ಆ ಮಾತು ಅಮಾನತ್ತು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ಇದು ವರದಿಯಾಗಿದೆ. 'ಯಾರಿಗೂ ಹೇಳಬೇಡ' ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಆ ನೋಟವೇ ಸಾಕು.

ಆದ್ದರಿಂದ ಸಹೋದರರೇ, ಇನ್ನು ಮುಂದೆ ನಮ್ಮ ಕಚೇರಿಯ ಮಾತುಕತೆಗೆ ಫೋನುಗಳು ಹೊರಗೆ. ರೋಗಿಗಾಗಿ ದುಆ ಕೇಳಲು ಮನೆಯವರ ಒಪ್ಪಿಗೆ ಬೇಕು, ಕಾಯಿಲೆಯ ವಿವರ ಬೇಡ. ದಾನ ಪಡೆಯುವವರ ಫೋಟೊ ತೆಗೆಯಬಾರದು. ಪರರ ಗುಟ್ಟಿನ ಆಡಿಯೊ, ವಿಡಿಯೊ ಬಂದರೆ ನೋಡದೆ ಅಳಿಸಿ. ನಿಮ್ಮ ಫೋನಿನಲ್ಲೇ ಅದು ನಿಲ್ಲಲಿ. ಕಂಪನಿಯನ್ನು ಸರಕಾರ ವಿಚಾರಿಸಬಹುದು, ನಮ್ಮ ಬೆರಳನ್ನು ವಿಚಾರಿಸುವವನು ಅಲ್ಲಾಹನು.

ಯಾ ಅಲ್ಲಾಹ್, ಇತರರ ಮಾನವನ್ನು ಮುಚ್ಚಿಡುವವರಾಗಿ ನಮ್ಮನ್ನು ಮಾಡು. ಖಿಯಾಮತ್ ದಿನ ನಮ್ಮ ಕೊರತೆಗಳನ್ನು ಮುಚ್ಚಿಡು. ಆಮೀನ್.