ವಿದ್ಯುತ್ತಂತಿಯ ಒಡೆತನ



ಮಾರುವವರು ಹಲವರಿದ್ದರೆ ಬೆಲೆ ಇಳಿಯುವುದು, ಒಬ್ಬನೇ ಇದ್ದರೆ ಏರುವುದು ಎಂಬುದು ಸಂತೆಗೆ ಹೋಗಿಬಂದವರೆಲ್ಲರೂ ಬಲ್ಲ ಮಾತು. ಆದರೆ ವಿದ್ಯುಚ್ಛಕ್ತಿಯು ಗಾಡಿಯಲ್ಲಿ ಹೇರಿಕೊಂಡು ಸಂತೆಗೆ ತರತಕ್ಕ ಸರಕಲ್ಲ; ಅದು ತಂತಿಯ ಮೇಲೆಯೇ ಹೋಗಬೇಕು. ಒಂದೇ ಬೀದಿಯಲ್ಲಿ ಇಬ್ಬರು ಮೂವರು ಬೇರೆ ಬೇರೆ ಕಂಬ ನೆಟ್ಟು ತಂತಿಯೆಳೆದರೆ ಆ ದುಂದುವೆಚ್ಚವೂ ಕಡೆಗೆ ದೀಪ ಹಚ್ಚುವವರ ತಲೆಯ ಮೇಲೆಯೇ ಬೀಳುವುದು. ಆದುದರಿಂದ ಒಂದು ಊರಿಗೆ ಒಂದೇ ತಂತಿಯ ಜಾಲವೆಂಬುದನ್ನು ಬಹುಮಟ್ಟಿಗೆ ಎಲ್ಲ ದೇಶಗಳೂ ಒಪ್ಪಿಕೊಂಡಿವೆ. ಹಾಗಾದರೆ ಸ್ಪರ್ಧೆಯನ್ನು ಕಾಪಾಡುವುದಕ್ಕೆಂದು ಹುಟ್ಟಿದ ಶಾಸನಕ್ಕೆ ಇಲ್ಲಿ ಕೆಲಸವೇನು? ಅಮೆರಿಕದ ಒಂದು ಸಣ್ಣ ಊರಿನ ವ್ಯಾಜ್ಯವು ಈ ಪ್ರಶ್ನೆಗೆ ಒಳ್ಳೆಯ ನಿದರ್ಶನವಾಗಿದೆ.

ಮಿನ್ನೆಸೋಟ ಸಂಸ್ಥಾನದಲ್ಲಿ ಎಲ್ಬೋ ಲೇಕ್ ಎಂಬ ಗ್ರಾಮವಿದೆ. ಆ ಸೀಮೆಗೆ ವಿದ್ಯುತ್ತನ್ನು ಒದಗಿಸುತ್ತಿದ್ದುದು ಆಟರ್ ಟೇಲ್ ಪವರ್ ಕಂಪೆನಿ. ಮಿನ್ನೆಸೋಟ ಮತ್ತು ಎರಡು ಡಕೋಟ ಸಂಸ್ಥಾನಗಳಲ್ಲಿ 465 ಊರುಗಳಿಗೆ ಅದು ಚಿಲ್ಲರೆಯಾಗಿ ವಿದ್ಯುತ್ತನ್ನು ಮಾರುತ್ತಿತ್ತು. ಊರುಗಳು ಹತ್ತಿಪ್ಪತ್ತು ವರ್ಷಗಳ ಅವಧಿಗೆ ಕಂಪೆನಿಗೆ ಅನುಮತಿ ಕೊಡುತ್ತಿದ್ದುವು. ಅವಧಿ ತೀರಿದಾಗ ಎಲ್ಬೋ ಲೇಕಿನವರು, ಇನ್ನು ಊರೊಳಗಿನ ಹಂಚಿಕೆಯನ್ನು ತಾವೇ ನಡೆಸುವುದಾಗಿ ನಿಶ್ಚಯಿಸಿದರು. ಅವರು ಕೇಳಿಕೊಂಡದ್ದು ಇಷ್ಟೆ: ಕಂಪೆನಿಯು ತಮಗೆ ಸಗಟು ದರದಲ್ಲಿ ವಿದ್ಯುತ್ತನ್ನು ಮಾರಲಿ, ಇಲ್ಲವೆ, ಬೇರೆಯವರಿಂದ ಕೊಂಡ ವಿದ್ಯುತ್ತು ಬಾಡಿಗೆ ತೆತ್ತು ಕಂಪೆನಿಯ ತಂತಿಗಳ ಮೇಲೆ ಹಾದುಬರಲು ಬಿಡಲಿ. ಕಂಪೆನಿಯು ಎರಡನ್ನೂ ಒಲ್ಲೆನೆಂದಿತು. ತಾಂತ್ರಿಕವಾದ ಅಡ್ಡಿ ಯಾವುದೂ ಇರಲಿಲ್ಲ.

ನಮ್ಮ ನಾಡಿನಲ್ಲಿ ಕೆರೆಯ ಕೆಳಗೆ ಗದ್ದೆಯುಳ್ಳವರಿಗೆ ಈ ಸಂಗತಿಯನ್ನು ವಿವರಿಸಬೇಕಾಗಿಲ್ಲ. ನೀರು ಕೆರೆಯದು, ಗದ್ದೆ ನಮ್ಮದು. ಆದರೆ ಕಾಲುವೆಯು ಮೇಲಿನ ಗದ್ದೆಯವನ ಬದುವಿನಲ್ಲಿ ಹರಿಯುತ್ತಿದ್ದರೆ ಬೆಳೆಯ ಭಾಗ್ಯವು ಅವನ ಗುದ್ದಲಿಯಲ್ಲಿದೆ. ಎಲ್ಬೋ ಲೇಕಿನವರು ಬೇರೆ ದಾರಿ ಕಾಣದೆ ತಮ್ಮದೇ ಒಂದು ವಿದ್ಯುದಾಗಾರವನ್ನು ಕಟ್ಟಿಕೊಂಡರು. ಹ್ಯಾಂಕಿನ್ಸನ್ ಎಂಬ ಇನ್ನೊಂದು ಊರು ಸೋತು ಕಂಪೆನಿಯ ಅನುಮತಿಯನ್ನೇ ಮುಂದುವರಿಸಿತು. 1945ರಿಂದ 1970ರ ವರೆಗೆ ಹನ್ನೆರಡು ಊರುಗಳಲ್ಲಿ ಇಂಥ ಪ್ರಯತ್ನ ನಡೆದು, ಮೂರೇ ಊರುಗಳಲ್ಲಿ ಕೈಗೂಡಿತು.

ಸಂಯುಕ್ತ ಸರ್ಕಾರವು 1890ರ ಷರ್ಮನ್ ಶಾಸನದ ಮೇರೆಗೆ ಕಂಪೆನಿಯ ಮೇಲೆ ದಾವೆ ಹೂಡಿತು. ತಾನು ಆಗಲೇ ಫೆಡರಲ್ ಪವರ್ ಕಮಿಷನ್ನಿನ ಹತೋಟಿಯಲ್ಲಿರುವುದರಿಂದ ಸ್ಪರ್ಧಾಶಾಸನವು ತನ್ನನ್ನು ಮುಟ್ಟಲಾರದೆಂಬುದು ಕಂಪೆನಿಯ ಮೊದಲನೆಯ ವಾದ. 1973ರಲ್ಲಿ ಸುಪ್ರೀಂ ಕೋರ್ಟು ನಾಲ್ಕಕ್ಕೆ ಮೂರು ಮತಗಳಿಂದ ಈ ವಾದವನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಡಗ್ಲಾಸರು ಬರೆದ ತೀರ್ಪಿನ ಸಾರ ಇದು: ಒಂದು ಊರಿನಲ್ಲಿ ಒಬ್ಬನೇ ಮಾರುವುದು ಅಪರಾಧವಲ್ಲ; ಆದರೆ ದೊಡ್ಡ ತಂತಿಯ ಮೇಲಿನ ಸ್ವಾಮ್ಯವನ್ನು ಉಪಯೋಗಿಸಿ, ಆ ಸ್ಥಾನಕ್ಕೆ ಇನ್ನೊಬ್ಬನು ಬರದಂತೆ ಬಾಗಿಲು ಹಾಕುವುದು ಅಪರಾಧ. ಭಿನ್ನಮತದವರ ಮಾತೂ ಹಗುರವಾದುದಲ್ಲ. ಬೇರೆಯವರ ವಿದ್ಯುತ್ತನ್ನು ಸಾಗಿಸಬೇಕೆಂಬ ಕಟ್ಟಳೆಯನ್ನು 1935ರಲ್ಲಿ ಕಾಂಗ್ರೆಸ್ ಸಭೆಯು ಪರ್ಯಾಲೋಚಿಸಿ ಕೈಬಿಟ್ಟಿತ್ತು. ಶಾಸಕರು ಬಿಟ್ಟುದನ್ನು ನ್ಯಾಯಾಧೀಶರು ಹೇಗೆ ಸೇರಿಸಬಹುದು ಎಂದು ಅವರು ಕೇಳಿದರು. ಆದರೂ ತೀರ್ಪು ಸರಿಯೆಂದೇ ನಮ್ಮ ಅಭಿಪ್ರಾಯ. ಏತಕ್ಕೆಂದರೆ ಸಾಗಣೆಯನ್ನು ವಿಧಿಸುವ ಅಧಿಕಾರವೇ ಆ ಕಮಿಷನ್ನಿಗೆ ಆಗ ಇರಲಿಲ್ಲ. ಕಾವಲುಗಾರನಿಗೆ ಬೀಗದ ಕೈಯನ್ನು ಕೊಡದೆ, ಕಾವಲಿದೆಯೆಂಬ ಕಾರಣದಿಂದ ಪೋಲೀಸರನ್ನು ಬೇಡವೆನ್ನುವುದು ನ್ಯಾಯವಲ್ಲ. 1996ರಲ್ಲಿ ಉತ್ತರಾಧಿಕಾರಿ ಕಮಿಷನ್ನೇ ತನ್ನ 888ನೆಯ ಆಜ್ಞೆಯಿಂದ ದೊಡ್ಡ ತಂತಿಗಳನ್ನು ಪಕ್ಷಪಾತವಿಲ್ಲದೆ ಎಲ್ಲರಿಗೂ ತೆರೆಯಿಸಿತು.

ಕಂಪೆನಿಯ ಇನ್ನೊಂದು ವಾದವಿತ್ತು. ಭಾರತೀಯರಾದ ನಮಗೆ ಅದೇ ಹೆಚ್ಚು ಮುಖ್ಯವಾದುದು. ಊರುಗಳು ಒಂದೊಂದಾಗಿ ಬಿಟ್ಟುಹೋದರೆ ಉಳಿದವರ ಮೇಲೆ ಖರ್ಚಿನ ಭಾರ ಹೆಚ್ಚಿ ವ್ಯವಸ್ಥೆಯೇ ಸವೆದುಹೋಗುವುದೆಂದು ಅದು ಹೇಳಿತು. ಉತ್ತಮವಾದ ಸೇವೆಯಿಂದಲೂ ಕಡಮೆ ಖರ್ಚಿನಿಂದಲೂ ಗಿರಾಕಿಗಳನ್ನು ಉಳಿಸಿಕೊಳ್ಳಬೇಕೆಂಬುದೇ ಕಾನೂನಿನ ಆಶಯವೆಂದು ಕೋರ್ಟು ಉತ್ತರಿಸಿತು. ಅಮೆರಿಕದ ಮಟ್ಟಿಗೆ ಇಷ್ಟು ಸಾಕಾಗಿರಬಹುದು.

ಭಾರತದ 2003ರ ವಿದ್ಯುಚ್ಛಕ್ತಿ ಶಾಸನವೂ ಮುಕ್ತ ಪ್ರವೇಶವನ್ನು ವಿಧಿಸಿದೆ. ಪ್ರಬಲ ಸ್ಥಾನದ ದುರುಪಯೋಗವಾದಲ್ಲಿ ವಿದ್ಯುತ್ ಆಯೋಗವು ಅಪ್ಪಣೆ ಮಾಡಬಹುದೆಂದು ಅದರ 60ನೆಯ ವಿಧಿ ಹೇಳುತ್ತದೆ. ಆದರೆ ಇಲ್ಲಿ ಗಿರಣಿಗಳು ತೆರುವ ಹೆಚ್ಚಿನ ದರದಿಂದಲೇ ಬಡವರ ಮನೆಯ ದೀಪಕ್ಕೂ ರೈತರ ಪಂಪಿಗೂ ಸ್ವಲ್ಪ ಆಸರೆಯಾಗುತ್ತದೆ. ಗಿರಣಿಯು ಅಗ್ಗದ ವಿದ್ಯುತ್ತನ್ನು ಹುಡುಕಿಕೊಂಡು ಹೊರಟರೆ ಆ ಆಸರೆ ತಪ್ಪುತ್ತದೆ. ಆದುದರಿಂದ ಹೊರಗೆ ಕೊಳ್ಳುವವರ ಮೇಲೆ ಒಂದು ಅಧಿಕ ಶುಲ್ಕವನ್ನು ಶಾಸನವೇ ಇಟ್ಟಿದೆ. ಶುಲ್ಕವು ಹೆಚ್ಚಾದರೆ ತೆರೆದ ಬಾಗಿಲು ಹೆಸರಿಗೆ ಮಾತ್ರ. ಕಡಮೆಯಾದರೆ ಉಳಿದವರಿಗೆ ಕಷ್ಟ. ಅದು ದರದ ನೂರಕ್ಕೆ 20ನ್ನು ಮೀರಬಾರದೆಂದು 2016ರ ಸುಂಕನೀತಿಯಲ್ಲಿ ಹೇಳಲಾಯಿತು.

ಕರ್ನಾಟಕದಲ್ಲಿ 2002ರಲ್ಲಿ ಹಂಚಿಕೆಯ ಕೆಲಸವನ್ನು ದೊಡ್ಡ ತಂತಿಯ ನಿಗಮದಿಂದ ಬೇರ್ಪಡಿಸಿ ಬೇರೆ ಕಂಪೆನಿಗಳಿಗೆ ವಹಿಸಲಾಯಿತು. ಊರೊಳಗಿನ ತಂತಿಯೂ ಮಾರಾಟವೂ ಮಾತ್ರ ಆ ಕಂಪೆನಿಗಳಲ್ಲಿ ಒಟ್ಟಿಗೇ ಉಳಿದುವು. ದರಗಳನ್ನು ನಿರ್ಣಯಿಸುವ ಮೊದಲು ಆಯೋಗವು ಸಾರ್ವಜನಿಕರ ಆಕ್ಷೇಪಣೆಗಳನ್ನು ಕೇಳಬೇಕೆಂಬ ನಿಯಮವಿದೆ. ಆಕ್ಷೇಪಣೆ ಸಲ್ಲಿಸುವುದಕ್ಕೆ ವಕೀಲರೇ ಆಗಬೇಕಾಗಿಲ್ಲ. ದೀಪದ ಬಿಲ್ಲು ತೆರುವ ಯಾರಾದರೂ ಸಲ್ಲಿಸಬಹುದು.