ಕಂಬದಂತೆ ಬೆಳೆಯುವ ಸೇಬು



ಭಾಷೆ ಬೋಧಿಸುವ ನಮಗೆ ಸೇಬಿನ ಗಿಡದ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ಒಬ್ಬ ವಿದ್ಯಾರ್ಥಿನಿಗೆ ನಾನು ಕೊಟ್ಟ ತಪ್ಪು ಉತ್ತರದಿಂದ ಇಂದಿನ ಮಾತು ಹುಟ್ಟಿದೆ.

ಕೆಲವು ವರ್ಷಗಳ ಹಿಂದೆ ಸೊಲ್ಲಾಪುರದ ಕಡೆಯ ಒಂದು ಕನ್ನಡ ಶಾಲೆಗೆ, ಸಸಿ ಮಾರುವವರೊಬ್ಬರ ಮಾತನ್ನು ನಂಬಿ, ಕುಂಡದಲ್ಲಿ ಬೆಳೆಯುವ ಎರಡು ಸೇಬಿನ ಸಸಿಗಳನ್ನು ನಾನೇ ಕೊಡಿಸಿದೆ. ಆ ಶಾಲೆಗೆ ತೋಟವೆಂದರೆ ಮೆಟ್ಟಿಲ ಪಕ್ಕದ ನಾಲ್ಕು ಹೆಜ್ಜೆ ಜಾಗ. ಮಕ್ಕಳು ಸರದಿಯ ಮೇಲೆ ಮೂರು ವರ್ಷ ನೀರುಣಿಸಿದರು. ಗಿಡ ನೆಟ್ಟಗೆ ಬೆಳೆಯಿತು, ಎಲೆ ತುಂಬಿತು, ಹೂವು ಮಾತ್ರ ಬರಲಿಲ್ಲ. ಐದನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಇದು ಗಂಡು ಗಿಡ ಏನ್ರೀ?" ಎಂದು ಕೇಳಿದಳು. ಅವಳ ಮನೆಯ ಹೊಲದಲ್ಲಿ ಪಪ್ಪಾಯಿ ಇತ್ತು. ಬಸ್ಸಿಗೆ ಹೊತ್ತಾಗಿದ್ದ ನಾನು "ಇರಬಹುದವ್ವ" ಎಂದು ಹೊರಟುಬಿಟ್ಟೆ. ದಾರಿಯಲ್ಲಿಯೇ ನಾಚಿಕೆಯಾಯಿತು. ಗಂಡು ಪಪ್ಪಾಯಿಯಾದರೂ ಹೂ ಬಿಡುತ್ತದೆ. ಇದು ಅದನ್ನೂ ಬಿಟ್ಟಿರಲಿಲ್ಲ. ಆಮೇಲೆ ಓದಿ ತಿಳಿದುದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಈ ಬಗೆಯ ಸೇಬು ಕೆನಡಾ ದೇಶದ್ದು. 1960ರ ದಶಕದ ಆರಂಭದಲ್ಲಿ, ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕೆಲೋನಾ ಎಂಬಲ್ಲಿ, ಮೆಕಿಂಟಾಷ್ ತಳಿಯ ಹಳೆಯ ಮರವೊಂದರ ತುದಿಯಲ್ಲಿ ಉಳಿದವುಗಳನ್ನು ಹೋಲದ ಒಂದು ಕೊಂಬೆ ಕಾಣಿಸಿತು. ಕವಲೊಡೆಯದೆ, ಎಲೆಗಳನ್ನು ಒತ್ತಾಗಿ ಹೊದ್ದು, ಅದು ನೇರವಾಗಿ ನಿಂತಿತ್ತು. ಅದನ್ನು ಕಸಿ ಮಾಡಿದಾಗ ಹೊಸ ಗಿಡಗಳೂ ಹಾಗೆಯೇ ಬೆಳೆದವು. ತೋಟದ ಒಡೆಯರ ಹೆಸರಿನಿಂದ ಅದಕ್ಕೆ ವಿಜ್ಸಿಕ್ ಎಂಬ ಹೆಸರು ಬಂತು. ಮುಂದೆ ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದವರು ಅದನ್ನು ಬೇರೆ ತಳಿಗಳೊಡನೆ ಸಂಕರಗೊಳಿಸಿ ಬೊಲೆರೊ, ಪೋಲ್ಕಾ, ವಾಲ್ಟ್ಜ್ ಮೊದಲಾದ ತಳಿಗಳನ್ನು ಹೊರತಂದರು. ಮೂರೂ ನೃತ್ಯಗಳ ಹೆಸರುಗಳು. ಅಲುಗದೆ ಕಂಬದಂತೆ ನಿಲ್ಲುವ ಗಿಡಕ್ಕೆ ಕುಣಿತದ ಹೆಸರು!

ಇದರ ಗುಟ್ಟನ್ನು ಹೇಳಲು ನಮ್ಮ ಮಕ್ಕಳಿಗೆ ಹೊಸ ಪದ ಬೇಕಿಲ್ಲ. ಕಬ್ಬು ತಿಂದ ಮಗುವಿಗೆ ಗೆಣ್ಣು ಗೊತ್ತು. ಸಾಮಾನ್ಯ ಸೇಬಿನ ರೆಂಬೆಗಿಂತ ಇದರ ಕಾಂಡದಲ್ಲಿ ಗೆಣ್ಣು ಗೆಣ್ಣುಗಳ ನಡುವಿನ ಅಂತರ ಬಹಳ ಕಡಿಮೆ. ಪಕ್ಕದ ಮೊಗ್ಗುಗಳು ಉದ್ದನೆಯ ಕೊಂಬೆಗಳಾಗುವ ಬದಲು ಗಿಡ್ಡ ಕುಡಿಗಳಾಗಿ ಕಾಂಡಕ್ಕೇ ಅಂಟಿಕೊಳ್ಳುತ್ತವೆ. ಹೂವೂ ಹಣ್ಣೂ ಆ ಕುಡಿಗಳಲ್ಲೇ. ಆದುದರಿಂದ ಗಿಡ ಎಂಟು ಹತ್ತು ಅಡಿ ಎತ್ತರವಾದರೂ ಅಗಲ ಎರಡು ಅಡಿಯನ್ನು ಮೀರುವುದು ಅಪರೂಪ. ಪಾಠಪುಸ್ತಕದ 'ಪರ್ವಾಂತರ'ವನ್ನು ಆಮೇಲೆ ಕಲಿಸಿರಿ. ಮೊದಲು ಕಬ್ಬಿನ ಜಲ್ಲೆಯ ಮೇಲೆ ಅಳತೆಪಟ್ಟಿ ಇಡಿಸಿರಿ.

ಕುಂಡದ ವಿಚಾರ ಸರಳ. ಸುಮಾರು 45ರಿಂದ 50 ಸೆಂಟಿಮೀಟರ್ ಬಾಯಿಯ, ತಳದಲ್ಲಿ ತೂತುಗಳಿರುವ ಭಾರದ ಕುಂಡ ಬೇಕು. ಹಗುರವಾದದ್ದು ಗಾಳಿಗೆ ಉರುಳುತ್ತದೆ. ಬೇಸಗೆಯಲ್ಲಿ ನೀರು ತಪ್ಪಬಾರದು. ಮೊದಲ ವರ್ಷ ಕಾಯಿ ಕಚ್ಚಿದರೆ ಕಿತ್ತುಹಾಕಬೇಕು. ಮುಂದೆಯೂ ಹೀಚುಗಳನ್ನು ವಿರಳಗೊಳಿಸದಿದ್ದರೆ ಒಂದು ವರ್ಷ ಹೊರಲಾರದಷ್ಟು ಹೊತ್ತು ಮರುವರ್ಷ ಬರಿದಾಗುವ ಚಾಳಿ ಇದಕ್ಕಿದೆ. ತುದಿಯ ಕುಡಿಯನ್ನು ಕಾಯ್ದುಕೊಳ್ಳಬೇಕು. ಅದು ಮುರಿದರೆ ಪಕ್ಕದ ಕುಡಿಗಳು ಮೇಲೇಳಲು ಪೈಪೋಟಿ ನಡೆಸುತ್ತವೆ.

ಹುಡುಗಿಯ ಪ್ರಶ್ನೆಗೆ ಬರೋಣ. ಸೇಬಿನಲ್ಲಿ ಗಂಡು ಗಿಡ, ಹೆಣ್ಣು ಗಿಡ ಎಂಬ ಭೇದವಿಲ್ಲ. ಒಂದೇ ಹೂವಿನಲ್ಲಿ ಕೇಸರವೂ ಇದೆ, ಶಲಾಕೆಯೂ ಇದೆ. ಆದರೂ ತನ್ನದೇ ಪರಾಗದಿಂದ ಕಾಯಿ ಕಚ್ಚುವುದು ಕಡಿಮೆ. ಅದೇ ಕಾಲಕ್ಕೆ ಹೂ ಬಿಡುವ ಬೇರೊಂದು ತಳಿ ಹತ್ತಿರದಲ್ಲಿರಬೇಕು. ಒಂದೇ ತಳಿಯ ಎರಡು ಗಿಡಗಳಿಂದ ಪ್ರಯೋಜನವಿಲ್ಲ, ಏಕೆಂದರೆ ಕಸಿಯಿಂದ ಬಂದ ಅವೆರಡೂ ವಾಸ್ತವದಲ್ಲಿ ಒಂದೇ ಗಿಡ. ಅವಳ ಊಹೆ ತಪ್ಪಾಗಿತ್ತು. ಪ್ರಶ್ನೆ ಮಾತ್ರ ಸರಿಯಾದ ಕಡೆಗೇ ನಡೆದಿತ್ತು.

ಹೂವೇ ಬಾರದಿದ್ದುದಕ್ಕೆ ಕಾರಣ ಬೇರೆ. ಸೇಬು ಚಳಿಗಾಲದಲ್ಲಿ ಎಲೆಯುದುರಿಸಿ ಮಲಗುವ ಗಿಡ. ಮೆಕಿಂಟಾಷ್‌ನಂಥ ತಳಿಗಳ ಮೊಗ್ಗು ಸರಿಯಾಗಿ ಎಚ್ಚರಗೊಳ್ಳಲು ಸುಮಾರು ಏಳು ಡಿಗ್ರಿಗಿಂತ ಕೆಳಗಿನ ಚಳಿ ಒಟ್ಟು ಸಾವಿರ ಗಂಟೆಗಳಷ್ಟು ಬೇಕಾಗುತ್ತದೆ. ಸೊಲ್ಲಾಪುರದ ಬಯಲಿನಲ್ಲಿ ಅದೆಲ್ಲಿಂದ ಬರಬೇಕು? ನಮ್ಮ ಗಿಡಗಳ ಗೆಣ್ಣುಗಳು ಒತ್ತಾಗಿಯೇ ಇದ್ದವು. ಅಂದರೆ ತಳಿ ನಿಜವಾದದ್ದೇ. ಊರಿಗೆ ಒಗ್ಗುತ್ತದೆ ಎಂಬ ಮಾತಷ್ಟೇ ಸುಳ್ಳು. ಕಡಿಮೆ ಜಾಗ ಸಾಕೆಂಬುದು ಒಂದು ಗುಣ, ಕಡಿಮೆ ಚಳಿ ಸಾಕೆಂಬುದು ಇನ್ನೊಂದು. ಇಸ್ರೇಲಿನ ಅನ್ನಾ, ಹಿಮಾಚಲದ ಬಿಲಾಸ್‌ಪುರದ ಹರಿಮನ್ 99 ಕಡಿಮೆ ಚಳಿಯ ತಳಿಗಳು, ಆದರೆ ಕಂಬದ ರೂಪದವಲ್ಲ. ಮಾರುವವರ ಬಾಯಲ್ಲಿ ಇವೆರಡೂ ಗುಣಗಳು ಒಂದೇ ಸಸಿಗೆ ಸೇರಿಬಿಡುತ್ತವೆ.

ಆದ್ದರಿಂದ ಅಕ್ಕಲಕೋಟೆ, ಆದೋನಿ, ರಾಯದುರ್ಗದ ಕಡೆಯ ಗೆಳೆಯರು ಶಾಲೆಯ ಹಣವನ್ನು ಇದಕ್ಕೆ ಸುರಿಯಬೇಡಿ. ಕುಂಡದಲ್ಲಿ ನಿಂಬೆ, ಅಂಜೂರ ಇಡಬಹುದು. ಊಟಿ, ಕೋಟಗಿರಿಯ ಎತ್ತರದಲ್ಲಿರುವವರೂ ತಳಿಗೆ ಎಷ್ಟು ಚಳಿ ಬೇಕೆಂದು ಕೇಳಿ ತಿಳಿಯದೆ ಕೊಳ್ಳಬೇಡಿ.

ಆ ಶಾಲೆಗೆ ಮತ್ತೆ ಹೋದಾಗ ಹುಡುಗಿ ಆರನೆಯ ತರಗತಿಯಲ್ಲಿದ್ದಳು. ಅಂದು ನಾನು ಹೇಳಿದ್ದು ತಪ್ಪೆಂದು ಎಲ್ಲರೆದುರು ಒಪ್ಪಿಕೊಂಡು, ಚಳಿಯ ಸಂಗತಿ ವಿವರಿಸಿದೆ. ಅವಳು ಸ್ವಲ್ಪ ಹೊತ್ತು ಕುಂಡದ ಕಡೆ ನೋಡಿ ಕೇಳಿದಳು: "ಹಂಗಾದ್ರ ಮೂರು ವರ್ಷ ಅದಕ್ಕ ನಿದ್ದಿನ ಬಂದಿಲ್ಲೇನ್ರೀ ಸರ್?"